ನಾರ್ವೆಯವರಿಗೆ ನಾರ್ವೇಜಿಯನ್ ಕಲಿಸಿದ್ದು

ನನಗೆ ಸಿಟ್ಟು ಬರುವುದು ಎರಡೇ ವಿಷಯಕ್ಕೆ: ಕೊಳೆತ ಮೀನು, ತಪ್ಪು ಭಾಷೆ. (ಮೂರನೆಯದೂ ಉಂಟು, ಅದು ಅಡುಗೆಮನೆಯಲ್ಲಿದೆ, ಕಿವಿ ಚುರುಕು.) ಹೆಂಡತಿ ವಾರಿಜಾಕ್ಷಿ ಕಾಟಿಪಳ್ಳದವಳು. ಉರ್ವದ ನಮ್ಮ ಮನೆಗೆ ಬಂದು ಇಪ್ಪತ್ತಾರು ವರ್ಷವಾದರೂ ಅವಳ ತುಳು ಇನ್ನೂ ತವರಿನದ್ದೇ. ದಿನಾ ತಿದ್ದುತ್ತೇನೆ. ಏಳನೇ ಕ್ಲಾಸು ಫೇಲಾದರೇನು, ಭಾಷೆಯಲ್ಲಿ ನಾನು ಕಟ್ಟುನಿಟ್ಟು.

ಮಗಳು ಮೋಕ್ಷಾಳ ಐಸ್ ಪ್ಲಾಂಟಿಗೆ ಮೆಷಿನ್ ಜೋಡಿಸಲು ನಾರ್ವೆಯಿಂದ ಊಲಾವ್ ಎಂಬವರು ಬರುವುದಿತ್ತು. ಒಂದು ಭಾನುವಾರ ನಮ್ಮಲ್ಲೇ ಊಟ.

"ಅವರ ಭಾಷೆಯಲ್ಲೇ ಮಾತಾಡ್ತೇನೆ!" ಎಂದೆ.

"ನೀವಾ?" ವಾರಿಜಾಕ್ಷಿ ನಕ್ಕಳು. "ಸೋತರೆ ಒಂದು ತಿಂಗಳು ಮೀನು ಕ್ಲೀನ್ ಮಾಡುವುದು ನೀವು. ನನ್ನ ತುಳು ತಿದ್ದುವುದೂ ಬಂದ್."

"ಗೆದ್ದರೆ?"

"ನೀವು ಹೇಳಿದ ಹಾಗೇ ಮಾತಾಡ್ತೇನೆ."

ಒಂದೂವರೆ ತಿಂಗಳು ಫೋನಿನ ಮುಂದೆ ಘೋರ ತಪಸ್ಸು. ‘ನಾನು’ ಎನ್ನಲು ‘ಯಾಯ್’. ಬಂದರಿನ ದಕ್ಕೆಯಲ್ಲಿ ಮೀನು ಏಲಂ ಕೂಗುವಾಗಲೂ ಅದೇ ಬಾಯಿಗೆ ಬಂದು, ಹಲ್ಲುನೋವಾ ಎಂದು ನಾಲ್ಕು ಜನ ವಿಚಾರಿಸಿದರು.

ಊಲಾವ್ ಬಂದರು. ಏಲಂ ಕೂಗುವ ಗಂಟಲಿನಲ್ಲೇ, "ಯಾಯ್ ಹೇತೆರ್ ಸೇಸಪ್ಪ!" ಎಂದು ಹೆಸರು ಸಾರಿದೆ.

ಅವರ ಮುಖ ಅರಳಿತು. "ಎಗ್ ಹೈತೆರ್ ಊಲಾವ್!"

"ತಪ್ಪು!" ಮೇಜು ಗುದ್ದಿದೆ. "ಎಗ್ ಅಲ್ಲ ಮಾರಾಯ್ರೆ, ಯಾಯ್! ಹೇಳಿ, ಯಾಯ್!" ಮೂರು ಸಲ ಹೇಳಿಸಿದೆ. ಪಾಪ, ಹೇಳಿದರು.

ಮೋಕ್ಷಾ ತಲೆ ಹಿಡಿದುಕೊಂಡಳು. "ಅಪ್ಪಾ, ಅವರಲ್ಲಿ ಬರೆಯುವುದಕ್ಕೇ ಎರಡು ರೂಪ ಉಂಟು. ನೀವು ಕಲಿತದ್ದು ಬೂಕ್‌ಮೋಲ್, ಹೆಚ್ಚಿನವರು ಬರೆಯುವುದು ಅದೇ. ಇವರ ಪಡು ಕರಾವಳಿಯಲ್ಲಿ ನ್ಯೂನೊರ್ಸ್ಕ್. ಮಾತಿನಲ್ಲಂತೂ ಊರಿಗೊಂದು. ಟಿವಿಯಲ್ಲೂ ಅವರವರ ಊರಿನದ್ದೇ. ಯಾರೂ ತಿದ್ದುವುದಿಲ್ಲ."

"ಯಾರೂ ತಿದ್ದುವುದಿಲ್ಲವಾ!" ಅಡುಗೆಮನೆಯಿಂದ ಉದ್ಗಾರ. "ಎಂಥ ಪುಣ್ಯದ ದೇಶ ಮಾರಾಯ್ತಿ!"

ಹುಟ್ಟಿದಂದಿನಿಂದ ತಮ್ಮ ಮಾತನ್ನು ತಿದ್ದಿದವರಲ್ಲಿ ನಾನೇ ಮೊದಲಿಗನೆಂದು ಮೋಕ್ಷಾಳಿಗೆ ಇಂಗ್ಲಿಷಿನಲ್ಲಿ ಹೇಳಿ ಊಲಾವ್ ನನ್ನ ಕೈಕುಲುಕಿದರು. ಆಮೇಲೆ ಸಂತೋಷ ಹೆಚ್ಚಾಗಿ ಅರ್ಧ ಗಂಟೆ ಊರಭಾಷೆಯಲ್ಲೇ ಹರಿದರು. ನನಗೆ ತಿಳಿದದ್ದು ‘ಎಗ್’ ಒಂದೇ. ಅದನ್ನೇ ಈಗಷ್ಟೇ ತಪ್ಪೆಂದಿದ್ದೆ.

ಸೋಮವಾರ ಬೆಳಿಗ್ಗೆ ಬಂಗುಡೆ ಬುಟ್ಟಿಯೊಂದಿಗೆ ಹಿತ್ತಿಲಿನ ಕಲ್ಲಿನ ಮೇಲೆ ವಿರಾಜಮಾನನಾದೆ. ಮೂರನೇ ಮೀನಿಗೆ ಬೆನ್ನ ಹಿಂದಿನಿಂದ ಗುಡುಗು:

"ತಪ್ಪು! ಹೊಟ್ಟೆ ಆಮೇಲೆ. ಮೊದಲು ರೆಕ್ಕೆ ತೆಗೀರಿ!"

"ಊರಿಗೊಂದು ಕ್ರಮ ಇರ್ತದೆ ಮಾರಾಯ್ತಿ! ತಿದ್ದಬಾರದು!"

"ಅದು ಮಾತಿಗೆ. ಮೀನಿಗೆ ಕಾಟಿಪಳ್ಳದ್ದೊಂದೇ."

ಹೇಳಿದ್ದು ಅಪ್ಪಟ ಕಾಟಿಪಳ್ಳದ ತುಳುವಿನಲ್ಲಿ. ತಿದ್ದುವುದು ಬಂದ್ ಅಲ್ಲವಾ, ನಾನು ರೆಕ್ಕೆ ತೆಗೆದೆ.