ನೀರಿಲ್ಲದ ಹೊಳೆಯನ್ನು ನಾನು ತನಿಖೆ ಮಾಡಿದ್ದು

ಭೂಗೋಳದಲ್ಲಿ ನನ್ನನ್ನು ಯಾರೂ ಏಮಾರಿಸಲಾರರು. ಮಂಡ್ಯದ ಹೈಸ್ಕೂಲಿನಲ್ಲಿ ಆ ವಿಷಯಕ್ಕೆ ಬಹುಮಾನ ಪಡೆದವನು ನಾನು. ಬಹುಮಾನವಾಗಿ ಬಂದ ಅಟ್ಲಾಸನ್ನು ಕುವೈತಿಗೂ ಹೊತ್ತು ತಂದಿದ್ದೆ. ಹೀಗಾಗಿ ತೊಂಬತ್ತನೇ ಇಸವಿಯ ಮಾರ್ಚಿನಲ್ಲಿ ಒಂದು ಮೋಸ ನನ್ನೆದುರು ಬಂದು ನಿಂತಾಗ ನಾನು ಸರ್ವಸನ್ನದ್ಧನಾಗಿದ್ದೆ.

ಅಲ್ಲಿನ ತೈಲ ಬಂದರು ಮೀನಾ ಅಲ್ ಅಹ್ಮದಿಯಲ್ಲಿ ನಾನು ಪಂಪು ರಿಪೇರಿಯ ಸೂಪರ್‌ವೈಸರ್. ಸೆಪ್ಟೆಂಬರಿಗೆ ಕಂಟ್ರ್ಯಾಕ್ಟ್ ಮುಗಿಯುವುದಿತ್ತು. ಜೊತೆಯಲ್ಲಿದ್ದ ಕೀತ್ ಎಂಬ ಆಸ್ಟ್ರೇಲಿಯಾದವನು ಊರಿಗೆ ಹೊರಟಿದ್ದ. "ನಮ್ಮೂರಿನ ನೀರಿನ ಪಂಪುಗಳಿಗೆ ಮನುಷ್ಯ ಬೇಕು. ಜೂನ್‌ ಒಳಗೆ ಸೇರಬೇಕು, ಬರ್ತೀಯಾ?" ಎಂದು ಅರ್ಜಿಯನ್ನೂ ಕೈಗಿಟ್ಟ.

ಕೇಳದೆ ಬಂದದ್ದನ್ನು ಅನುಮಾನಿಸುವುದು ನಮ್ಮ ವಂಶದ ಗುಣ. ಅವನನ್ನು ಊಟಕ್ಕೆ ಕರೆದೆ. ಹೊಸಬರನ್ನು ಪರೀಕ್ಷಿಸಲು ನಮ್ಮ ಕಡೆ ಇರುವ ಪ್ರಶ್ನೆಗಳು ಮೂರೇ: ಯಾವ ಊರು, ಯಾವ ಹೊಳೆ, ದಡದಲ್ಲಿ ಯಾವ ದೇವರು. ಮೂರಕ್ಕೂ ಸರಿಯಾಗಿ ಉತ್ತರಿಸಿದವನಿಗೆ ನಾವು ಹೆಣ್ಣನ್ನೇ ಕೊಟ್ಟುಬಿಡುತ್ತೇವೆ.

"ಊರು ಬರ್ಕ್. ಹೊಳೆ ಡಾರ್ಲಿಂಗ್," ಎಂದ ಕೀತ್, ಬಿಸಿಬೇಳೆಬಾತಿನ ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ.

"ಹೆಸರು ಮುದ್ದಾಗಿದೆ ಅಲ್ವಾ ರೀ?" ಎಂದಳು ನನ್ನ ಹೆಂಡತಿ ವನಜ. ನನಗೆ ಮುದ್ದು ಬರಲಿಲ್ಲ, ಅನುಮಾನ ಬಂತು.

"ನೀರು ಎಷ್ಟಿರುತ್ತೆ?"

"ಕೆಲವು ವರ್ಷ ಹರಿಯೋದೇ ಇಲ್ಲ."

ಕಾವೇರಿ ಬಯಲಿನವನ ಮುಂದೆ ಇಂಥ ಮಾತು! ಕೀತ್ ಮುಂದುವರಿಸಿದ. ಹಿಂದೆ ಅಲ್ಲಿಂದ ಉಣ್ಣೆ ಹೊತ್ತ ಹಡಗುಗಳು ಹೊರಡುತ್ತಿದ್ದವಂತೆ. ಹೊಳೆ ಬತ್ತಿದರೆ ಹಡಗು ಎಲ್ಲಿತ್ತೋ ಅಲ್ಲೇ ಕೆಸರಿನಲ್ಲಿ ಕೂತು ತಿಂಗಳುಗಟ್ಟಲೆ ನೀರಿಗೆ ಕಾಯುತ್ತಿತ್ತಂತೆ. ಒಂದು ಫೋಟೋ ತೋರಿಸಿದ: ಹಡಗು ನೆಲದ ಮೇಲಿದೆ. ಇನ್ನೊಂದು ತೋರಿಸಿದ: ಬೀದಿಯಲ್ಲೆಲ್ಲ ಪ್ರವಾಹ. ಎರಡೂ ಅದೇ ಊರಂತೆ. ಸುಳ್ಳು ಹೇಳುವವನು ಒಂದೇ ಫೋಟೋ ತರಬೇಕಿತ್ತು.

"ದಡದಲ್ಲಿ ದೇವಸ್ಥಾನ ಗೀವಸ್ಥಾನ?"

"ತಗಡಿನ ಪುಟ್ಟ ಮಸೀದಿ ಇದೆ. ಆಗ ಉಣ್ಣೆ ಮೂಟೆಗಳನ್ನ ಒಂಟೆ ಮೇಲೆ ತರ್ತಿದ್ರು. ಒಂಟೆ ಹೊಡೆಯೋಕೆ ಪೇಶಾವರದ ಕಡೆಯವರು ಬಂದಿದ್ರು."

ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಆಸ್ಟ್ರೇಲಿಯಾದಲ್ಲಿರುವುದು ಕಾಂಗರೂ. ಒಂಟೆಯನ್ನು ಇವನು ಇಲ್ಲೇ ಕುವೈತಿನ ವಫ್ರಾ ದಾರಿಯಲ್ಲಿ ನೋಡಿರಬೇಕು!

ಅವನು ಹೋದ ಮೇಲೆ ಭೂತಗನ್ನಡಿ ಹಿಡಿದು ಅಟ್ಲಾಸ್ ತೆರೆದೆ. ಹೊಳೆಯನ್ನು ಚುಕ್ಕೆ ಚುಕ್ಕೆಯಾಗಿ ಬರೆದಿದ್ದರು. "ನೋಡು, ಅಚ್ಚು ಹಾಕಿದವರಿಗೇ ಖಾತ್ರಿಯಿಲ್ಲ."

"ಬತ್ತಿಹೋಗೋ ನದಿಗೆ ಚುಕ್ಕೆ ಹಾಕೋದಲ್ವೇನ್ರೀ?"

"ಭೂಗೋಳ ನನಗೆ ಬಿಡು," ಎಂದೆ.

ಮಾರನೆಯ ದಿನ ಅರ್ಜಿಯನ್ನು ಖಾಲಿಯಾಗಿಯೇ ಹಿಂದಿರುಗಿಸಿದೆ. ಜೊತೆಗೆ ಹನ್ನೊಂದು ಪ್ರಶ್ನೆಗಳ ಪಟ್ಟಿ. ನಾಲ್ಕನೆಯದು: ಹಡಗು ಕೆಸರಿನಲ್ಲಿದ್ದಾಗ ನಾವಿಕರಿಗೆ ಸಂಬಳವಿತ್ತೇ? ಒಂಬತ್ತನೆಯದು: ಸದರಿ ಒಂಟೆಗಳ ಇಕಾಮಾ, ಅಂದರೆ ವಾಸದ ಪರವಾನಗಿ, ಯಾರ ಹೆಸರಿನಲ್ಲಿತ್ತು? ಕೀತ್ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ಉತ್ತರ ಕೊಡಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಖಲಾಸ್. ಇತ್ತ ನಮ್ಮ ಕಫೀಲ್, ಅಂದರೆ ವೀಸಾಕ್ಕೆ ಹೊಣೆಯಾಗಿದ್ದ ಅಲ್ಲಿನ ಧಣಿ, ಇನ್ನೆರಡು ವರ್ಷ ಕೆಲಸ ಕೊಡುವುದಾಗಿ ಬಾಯಿಮಾತಿನಲ್ಲಿ ಹೇಳಿದ್ದ. ಅದನ್ನು ನಾನು ಒಂದೇ ಒಂದು ಪ್ರಶ್ನೆ ಕೇಳದೆ ನಂಬಿದೆ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಕೆಲಸವೂ ಹೋಯಿತು, ಮನೆಯೂ ಹೋಯಿತು, ಕಫೀಲ್ ಎಲ್ಲಿಗೆ ಹೋದನೋ ತಿಳಿಯಲಿಲ್ಲ. ನಾನು ಮತ್ತು ವನಜ ಬಸ್ಸು ಹತ್ತಿ ಜೋರ್ಡಾನಿನ ಗಡಿ ತಲುಪಿ, ಮರಳಿನ ಮೇಲೆ ಹಾಕಿದ ಡೇರೆಯಲ್ಲಿ ವಿಮಾನಕ್ಕೆ ಕಾಯುತ್ತ ಕೂತೆವು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ನೀರಿನ ಟ್ಯಾಂಕರಿನ ಸಾಲಿನಲ್ಲಿ ನಮ್ಮ ಹಿಂದೆ ಒಬ್ಬ ಮುದುಕ ಪಠಾಣ ಡ್ರೈವರ್ ನಿಂತಿದ್ದ. ಬೇಸರ ಕಳೆಯಲು ಅವನನ್ನು ಊರಿನ ವಿಚಾರ ಕೇಳಿದೆ.

"ಪೇಶಾವರ, ಭಾಯಿ. ನಮ್ಮ ತಾತ ಒಂಟೆ ಹೊಡ್ಕೊಂಡು ಆಸ್ಟ್ರೇಲಿಯಾಗೆ ಹೋಗಿದ್ರು. ಬರ್ಕ್ ಅಂತ ಒಂದೂರು. ತಗಡಿನ ಮಸೀದಿ ಇತ್ತಂತೆ."

ನಾನು ಕಾಲಬುಡದ ಮರಳನ್ನು ನೋಡತೊಡಗಿದೆ. ವನಜ ಖಾಲಿ ಬಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡಳು.

"ಆ ಹೊಳೆಗೆ ಒಂದಲ್ಲ ಒಂದು ವರ್ಷ ನೀರಾದ್ರೂ ಬರ್ತಿತ್ತು ಕಣ್ರೀ," ಎಂದಳು. ಅಷ್ಟೇ.

ಅಷ್ಟರಲ್ಲಿ ನಮ್ಮ ಸರದಿ ಬಂತು. ನಾನು ಟ್ಯಾಂಕರಿನ ನಲ್ಲಿಗೆ ಬೊಗಸೆಯೊಡ್ಡಿ, ಇದು ನಿಜವಾಗಿ ಕುಡಿಯುವ ನೀರೇ ಎಂದು ಮೂಸಿ ನೋಡುತ್ತ ನಿಂತೆ. ಹಿಂದಿನವರು ನಮ್ಮನ್ನು ದಾಟಿ ಮುಂದೆ ಹೋದರು.