ಸ್ಮಶಾನದ ಬದಲು ನಿವೃತ್ತಿ ವಿಭಾಗ

ಬ್ಯಾಡರಹಳ್ಳಿ ಕಾರ್ಡ್ ಆಟಗಾರರ ಕ್ಷೇಮಾಭಿವೃದ್ಧಿ ಸಂಘದ ನಿಯಮಾವಳಿಯಲ್ಲಿ 'ಸ್ಮಶಾನ' ಎಂದಿರುವ ಕಡೆಯಲ್ಲೆಲ್ಲ 'ನಿವೃತ್ತಿ ವಿಭಾಗ' ಎಂದು ಓದಿಕೊಳ್ಳತಕ್ಕದ್ದೆಂದು ಆದೇಶ ಹೊರಡಿಸಿದವನು ನಾನೇ. ಆಮೇಲೆ ಆದದ್ದಕ್ಕೆಲ್ಲ ನಾನೇ ಹೊಣೆ ಎಂದು ಕೆಲವರು ಹೇಳುತ್ತಾರೆ. ದಾಖಲೆಗಳನ್ನು ಪರಿಶೀಲಿಸಲಾಗಿ, ಅದು ನಿಜವೆಂದು ಕಂಡುಬಂದಿದೆ.

ನನ್ನ ಹೆಸರು ನಾರಾಯಣಪ್ಪ. ಸರ್ಕಾರದ ಒಂದು ಇಲಾಖೆಯ ಭಾಷಾಂತರ ಶಾಖೆಯಲ್ಲಿ ಮೂವತ್ತೊಂದು ವರ್ಷ ಇದ್ದೆ. ಇಂಗ್ಲಿಷಿನಲ್ಲಿ ಜನರಿಗೆ ಅರ್ಥವಾಗದ್ದನ್ನು ಕನ್ನಡದಲ್ಲೂ ಅರ್ಥವಾಗದಂತೆ ಮಾಡುವುದು ನನ್ನ ಕೆಲಸ. ಒಂದು ದೂರೂ ಬರಲಿಲ್ಲ. ದೂರು ಕೊಡುವ ನಮೂನೆಯನ್ನೂ ನಾನೇ ಅನುವಾದಿಸಿದ್ದೆ.

ನಿವೃತ್ತನಾದ ಮೇಲೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಹಾಗಾಗಿ ತಮ್ಮನ ಮಗಳು ಚೈತ್ರ ಬಂದು, "ದೊಡ್ಡಪ್ಪ, ನಮ್ಮ ಕಾರ್ಡ್ ಗೇಮಿನ ರೂಲ್ಸ್ ಕನ್ನಡದಲ್ಲಿ ಬರ್ಕೊಡ್ತೀರಾ?" ಎಂದಾಗ, ಆಟ ಯಾವುದೆಂದೂ ಕೇಳದೆ ಒಪ್ಪಿಕೊಂಡೆ.

ಅದು ಇಸ್ಪೀಟಲ್ಲ. ಒಂದೊಂದು ಕಾರ್ಡಿನಲ್ಲಿ ಒಂದು ಹುಲಿಯೋ, ಸೈನಿಕನೋ, ಮಂತ್ರವಾದಿಯೋ ಇರುತ್ತಾರೆ. ಅವರವರು ಕೂಡಿಸಿಟ್ಟ ಕಾರ್ಡು ತಂದು, ಒಬ್ಬರ ಹುಲಿಯಿಂದ ಇನ್ನೊಬ್ಬರ ಸೈನಿಕನನ್ನು ಹೊಡೆಸುತ್ತಾರೆ. ಸತ್ತ ಕಾರ್ಡನ್ನು ಪಕ್ಕದಲ್ಲಿ ಗುಡ್ಡೆ ಹಾಕುತ್ತಾರೆ. ಆ ಗುಡ್ಡೆಗೆ ಇಂಗ್ಲಿಷಿನಲ್ಲಿ ಗ್ರೇವ್‌ಯಾರ್ಡ್ ಅನ್ನುತ್ತಾರಂತೆ. ನಾನು 'ಸ್ಮಶಾನ' ಎಂದು ಬರೆದೆ. ಓದಿದ ಕೂಡಲೇ ಅರ್ಥವಾಗುವ ಪದ ನನ್ನ ಕೈಯಿಂದ ಬಂದದ್ದು ಅದೇ ಮೊದಲು.

ಸಂಘದ ಅಧ್ಯಕ್ಷ ನಂಜುಂಡಪ್ಪನವರು ತಡೆದರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಇವರ ನಾಲ್ಕು ಮಹಡಿ ಕಟ್ಟಡವಿದೆ. ಆಟ ನಡೆಯುವುದು ಅದರ ಎರಡನೇ ಮಹಡಿಯ ಹಾಲಿನಲ್ಲಿ.

"ಸಾರ್, ಗೃಹಪ್ರವೇಶ ಆಗಿ ಮೂರು ತಿಂಗಳಾಗಿಲ್ಲ. ಸೆಕೆಂಡ್ ಫ್ಲೋರಲ್ಲಿ ಸ್ಮಶಾನ ಇಟ್ರೆ ಥರ್ಡ್ ಫ್ಲೋರಿಗೆ ಯಾರು ಸಂಸಾರ ತರ್ತಾರೆ?"

ಮಾತು ನ್ಯಾಯವಾಗಿತ್ತು. 'ನಿವೃತ್ತಿ ವಿಭಾಗ' ಎಂದು ತಿದ್ದಿದೆ. ಅದಕ್ಕೆ ಹೊಂದಲೆಂದು 'ಸಾಯುತ್ತದೆ' ಎಂಬುದನ್ನೂ 'ಸೇವೆಯಿಂದ ನಿವೃತ್ತಿ ಹೊಂದತಕ್ಕದ್ದು' ಎಂದು ಮಾಡಿದೆ. ಎರಡು ಸಲ ಓದಿಕೊಂಡೆ. ಎಷ್ಟೋ ದಿನದ ಮೇಲೆ ಊಟ ರುಚಿಸಿತು.

ಮೊದಲ ಪಂದ್ಯಾವಳಿಯ ಫೈನಲ್‌ಗೆ ಚೈತ್ರ ಬಂದಳು. ಅದಕ್ಕಾಗಿ ಎಂಟು ತಿಂಗಳು ಅಭ್ಯಾಸ ಮಾಡಿದ್ದಳು. ಎದುರಿಗೆ ನಾಗೇಂದ್ರ, ಯಾವುದೋ ಸರ್ಕಾರಿ ಕಚೇರಿಯ ಗುಮಾಸ್ತ. ತೀರ್ಪುಗಾರ ನಾನು. ಚೈತ್ರಳ ಹುಲಿ ನಾಗೇಂದ್ರನ ಕಟ್ಟಕಡೆಯ ಸೇನಾಪತಿಯನ್ನು ಕೊಂದಿತು. ಹಾಲಿನಲ್ಲಿ ಚಪ್ಪಾಳೆ ಬಿತ್ತು. ನಾಗೇಂದ್ರ ಮಾತ್ರ ಸೇನಾಪತಿಯನ್ನು ನಿಧಾನವಾಗಿ ಗುಡ್ಡೆಯ ಮೇಲಿಟ್ಟು, ಅಲ್ಲಿಂದಲೇ ಹುಲಿಯ ಮೇಲೆ ದಾಳಿ ಮಾಡಿಸಿದ.

"ಹಲೋ, ಅದು ಸತ್ತೋಗಿದೆ!" ಎಂದಳು ಚೈತ್ರ.

"ಸತ್ತಿಲ್ಲ ಮೇಡಂ, ರಿಟೈರ್ ಆಗಿದೆ. ರಿಟೈರ್ ಆದೋರು ಕೆಲಸ ಮಾಡಬಾರದು ಅಂತ ಎಲ್ಲಿದೆ ತೋರ್ಸಿ. ನಮ್ಮ ಆಫೀಸಲ್ಲಿ ನಾಲ್ಕು ಜನ ರಿಟೈರ್ ಆಗಿ ಮೂರು ವರ್ಷ ಆಯ್ತು. ದಿನಾ ಬಂದು ಕೂತ್ಕೋತಾರೆ."

"ದೊಡ್ಡಪ್ಪ, ನೀವಾದ್ರೂ ಹೇಳಿ."

ಪದ ತಪ್ಪಾಗಿದೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮೇಲಿನವರು ಹೇಳದೆ ಒಂದು ಪದವನ್ನೂ ಹಿಂದಕ್ಕೆ ಪಡೆದವನಲ್ಲ ನಾನು. ಅಲ್ಲದೆ, ನಿವೃತ್ತರು ಯಾವ ಕೆಲಸಕ್ಕೂ ಬಾರದವರು ಎಂದು ಅಷ್ಟು ಜನರೆದುರು ಸ್ವಂತ ಬಾಯಲ್ಲಿ ಹೇಗೆ ತೀರ್ಪು ಕೊಡಲಿ?

"ನಾಗೇಂದ್ರ ಅವರ ವಾದದಲ್ಲಿ ಹುರುಳಿದೆ" ಎಂದೆ.

ಚೈತ್ರ ಕಾರ್ಡುಗಳನ್ನು ಬಾಕ್ಸಿಗೆ ತುಂಬಿಕೊಂಡು, ನನ್ನ ಮುಖ ನೋಡದೆ ಮೆಟ್ಟಿಲಿಳಿದು ಹೋದಳು. ಬಹುಮಾನದ ಕಪ್ಪು ನಾಗೇಂದ್ರನ ಪಾಲಾಯಿತು. ಆರು ವಾರ ಅವಳು ನಮ್ಮ ಮನೆ ಕಡೆ ಸುಳಿಯಲಿಲ್ಲ. ಫೋನು ಮಾಡಿದರೆ ಅವಳಮ್ಮ ಎತ್ತಿ, "ಸ್ನಾನಕ್ಕೆ ಹೋಗಿದಾಳೆ ಭಾವ" ಅನ್ನುತ್ತಿದ್ದಳು. ಅಷ್ಟು ಸ್ನಾನ ಮಾಡುವ ಹುಡುಗಿಯಲ್ಲ ಅದು.

ಸಂಕಟವಾಯಿತು. ಸಂಕಟವಾದಾಗ ಬೇರೆಯವರು ಹೋಗಿ ತಪ್ಪಾಯಿತು ಅನ್ನುತ್ತಾರೆ. ನಾನು ತಿದ್ದುಪಡಿ ಬರೆದೆ: 'ನಿವೃತ್ತ ಕಾರ್ಡು, ಬಿಡುಗಡೆ ಆದೇಶ ಹೊರಬಿದ್ದ ಮೇಲೆ ದಾಳಿ ಮಾಡತಕ್ಕದ್ದಲ್ಲ. ಸದರಿ ಆದೇಶಕ್ಕಾಗಿ ಎದುರಾಳಿಯು ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು.'

ಮುಂದಿನ ಭಾನುವಾರದಿಂದ ಹಾಲಿನಲ್ಲಿ ಆಟದ ಮೇಜಿಗಿಂತ ನನ್ನ ಮೇಜಿನ ಮುಂದೆ ಜನ ಜಾಸ್ತಿಯಾದರು. ಒಬ್ಬ ಸೈನಿಕನನ್ನು ಕೊಲ್ಲಲು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಯಾರೂ ಗೊಣಗಲಿಲ್ಲ. ನಂಜುಂಡಪ್ಪನವರು ಸಂಘಕ್ಕೊಂದು ಸೀಲು ಮಾಡಿಸಿದರು.

ಮುಂದಿನ ಪಂದ್ಯಾವಳಿಗೆ ಚೈತ್ರ ಬಂದಳು. ಹಿಂದಿನ ಫೈನಲ್ ಆಡಿದವರೆಂದು ಇಬ್ಬರಿಗೂ ನೇರ ಫೈನಲ್; ಎದುರಾಳಿ ಮತ್ತೆ ನಾಗೇಂದ್ರ. ಅವನು ಕಾರ್ಡು ಕಲೆಸುತ್ತಿರುವಾಗಲೇ ಇವಳು ನೇರವಾಗಿ ನನ್ನ ಹತ್ತಿರ ಬಂದು ದಪ್ಪನೆಯ ಕಟ್ಟೊಂದನ್ನು ಇಟ್ಟಳು. ನಾಗೇಂದ್ರನ ನಲವತ್ತು ಕಾರ್ಡಿಗೂ ಬಿಡುಗಡೆ ಅರ್ಜಿ, ತಲಾ ಮೂರು ಪ್ರತಿ.

"ಇದೇನಮ್ಮ? ಆಟಾನೇ ಶುರುವಾಗಿಲ್ಲ."

"ಮುಂಚೆ ಕೊಡಬಾರದು ಅಂತ ನೀವು ಬರ್ದಿಲ್ಲ ದೊಡ್ಡಪ್ಪ."

ನಿಯಮಾವಳಿ ತಿರುವಿದೆ. ಬರೆದಿರಲಿಲ್ಲ. ಆರು ವಾರದ ಮೇಲೆ ಅವಳು 'ದೊಡ್ಡಪ್ಪ' ಎಂದಿದ್ದಳು. ನೂರಿಪ್ಪತ್ತು ಸಹಿ ಹಾಕಿದೆ. ಅಲ್ಲಿಗೆ ನಾಗೇಂದ್ರನ ನಲವತ್ತು ಕಾರ್ಡೂ ಆಟಕ್ಕೆ ಮೊದಲೇ ಸೇವೆಯಿಂದ ಬಿಡುಗಡೆಯಾದವು.

ನಾಗೇಂದ್ರ ಆದೇಶಗಳನ್ನು ಒಂದೊಂದಾಗಿ ಓದಿ, ಸೀಲು ಪರೀಕ್ಷಿಸಿ, ಎದ್ದು ನಿಂತು ಅವಳ ಕೈ ಕುಲುಕಿದ.

"ಮೇಡಂ, ನೀವು ಕೆಎಎಸ್‌ಗೆ ಕಟ್ಟಬೇಕು."

ಕಪ್ಪು ಕೊಡುವಾಗ ಅವಳ ಕೈಯಲ್ಲಿ ಬಾಕ್ಸು ಕಾಣಲಿಲ್ಲ.

"ನಿನ್ನ ಕಾರ್ಡೆಲ್ಲಮ್ಮ?" ಎಂದು ಮೆಲ್ಲಗೆ ಕೇಳಿದೆ.

"ಮನೇಲಿದೆ. ಯಾಕೆ, ಬೇಕಿತ್ತಾ?"

ಅಧ್ಯಕ್ಷರ ಮುಖ ನೋಡಿದೆ. ಅವರು ಅಗತ್ಯವಿಲ್ಲ ಎಂಬಂತೆ ತಲೆಯಲ್ಲಾಡಿಸಿದರು. ನಾಗೇಂದ್ರನೂ ಅಲ್ಲಾಡಿಸಿದ. ಆಟಕ್ಕೆ ಕಾರ್ಡು ಕಡ್ಡಾಯವಲ್ಲವೆಂದು ನಡಾವಳಿಯಲ್ಲಿ ಸರ್ವಾನುಮತದಿಂದ ದಾಖಲಿಸಿದೆ.