ನನ್ನ ಚಿಂತೆಗೆ ಸಿಕ್ಕ ಅರ್ಧ ಗಂಟೆ

ಮಹಾರಾಷ್ಟ್ರದ ಗಡಿಯೂರು ಬಿಳೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮೆಡಿಕಲ್ ಅಂಗಡಿ ನಡೆಸುತ್ತಿರುವ ನನಗೆ ರೋಗಗಳೆಂದರೆ ಮನೆಯ ಮಂದಿ ಇದ್ದಂತೆ. ಗಿರಾಕಿ ಮೆಟ್ಟಿಲು ಹತ್ತುವ ರೀತಿ ನೋಡಿಯೇ ಇದು ಮೊಣಕಾಲು, ಇದು ಮೂಲವ್ಯಾಧಿ ಎಂದು ಹೇಳಬಲ್ಲೆ. ಆದ್ದರಿಂದ ಹೋದ ವರ್ಷ ನನ್ನ ಎದೆ ಕಾರಣವಿಲ್ಲದೆ ಢವಢವ ಹೊಡೆದುಕೊಳ್ಳತೊಡಗಿದಾಗ, ರೋಗ ಯಾವುದೆಂದು ತಿಳಿಯಲು ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಹೃದಯ! ಹೆಚ್ಚೆಂದರೆ ಆರು ತಿಂಗಳು!

ಆರು ತಿಂಗಳು ಕಳೆದವು. ಏನೂ ಆಗಲಿಲ್ಲ. ಅದರಿಂದ ಹೆದರಿಕೆ ಇನ್ನೂ ಹೆಚ್ಚಾಯಿತು.

ಹೆದರಿಕೆಗೆ ಆಧಾರವಿತ್ತು. ನನ್ನ ಅಣ್ಣ ನಲವತ್ತೆಂಟನೆಯ ವಯಸ್ಸಿಗೆ ಹೃದಯಾಘಾತದಿಂದ ಹೋದ. ಇದೇ ಅಂಗಡಿಯಲ್ಲಿ, ಗಲ್ಲಾದ ಹಿಂದಿನ ಕುರ್ಚಿಯಲ್ಲಿ, ಕೆಮ್ಮಿನ ಔಷಧಿಯ ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ಹೋದ. ನನಗೀಗ ನಲವತ್ತೆಂಟು. ಈ ಹೆದರಿಕೆಯನ್ನು ನನ್ನ ಹೆಂಡತಿ ಸುವರ್ಣಾಳಿಗೂ ಹೇಳಿರಲಿಲ್ಲ. ಕುರ್ಚಿಯನ್ನು ಮಾತ್ರ ಬದಲಿಸಿದ್ದೆ.

ಮೂರು ಸಲ ಇಸಿಜಿ ತೆಗೆಸಿದೆ. ನಮ್ಮ ಜಿಲ್ಲಾಕೇಂದ್ರ ಸಾಂಗಲಿಗೆ ಹೋಗಬಹುದಿತ್ತು. ಆದರೆ ಮರಾಠಿಯಲ್ಲಿ ನಾನು ಅರ್ಜಿ ಬರೆಯಬಲ್ಲೆ, ಜಗಳವನ್ನೂ ಆಡಬಲ್ಲೆ. ಎದೆ ಢವಢವ ಅನ್ನುವುದನ್ನು ಹೇಳಲು ನನಗೆ ಕನ್ನಡವೇ ಬೇಕು. ಹೀಗಾಗಿ ಮೂರೂ ಸಲ ಗಡಿ ದಾಟಿ ವಿಜಯಪುರಕ್ಕೇ ಹೋದೆ. ಮೂರನೆಯ ಸಲ ಹೃದಯದ ಡಾಕ್ಟರರು ಇಸಿಜಿ ಕಾಗದವನ್ನು ಬಿಟ್ಟು ನನ್ನನ್ನೇ ನೋಡಿದರು.

"ನಿಮ್ಮ ಎದಿ ನನ್ನ ಎದಿಗಿಂತ ಚಲೋ ಐತ್ರಿ. ಮ್ಯಾಲಿನ ಅಂತಸ್ತಿಗೆ ಹೋಗ್ರಿ. ಅಲ್ಲಿ ಮನಸಿನ ಡಾಕ್ಟರ್ ಮೇಡಂ ಅದಾರ, ಅವ್ರ ಮುಂದ ಎಲ್ಲಾ ಹೇಳ್ರಿ."

ಮೇಡಂ ನನ್ನ ಮಗಳ ವಯಸ್ಸಿನವರು. ಅವರ ಮುಂದೆ ನನ್ನ ದಪ್ಪ ಫೈಲು ಇಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

"ಏನೇನು ಚಿಂತಿ ಕಾಡ್ತಾವ್ರಿ?"

"ಏನೂ ಇಲ್ರಿ. ನಾ ಭಾಳ ಆರಾಮ ಮನಷ್ಯಾ," ಎಂದು ಹೇಳಿ, ತಲೆಯ ಮೇಲಿನ ಫ್ಯಾನಿನ ತಿರುಪುಗಳು ಗಟ್ಟಿಯಾಗಿವೆಯೇ ಎಂದು ವಿಚಾರಿಸಿದೆ.

ಮೇಡಂ ಏನನ್ನೋ ಬರೆದುಕೊಂಡರು.

ಆಮೇಲೆ ಒಂದು ಪುಟದ ಪ್ರಶ್ನೆಪತ್ರಿಕೆ ಕೊಟ್ಟರು. ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ನಿದ್ದೆ ಕೆಟ್ಟಿತು, ಎಷ್ಟು ದಿನ ಕೆಟ್ಟದ್ದೇನೋ ಆಗುವುದೆಂದು ಅನ್ನಿಸಿತು, ಇತ್ಯಾದಿ. ಸರಿಯುತ್ತರ ಯಾವುದಿರಬಹುದೆಂದು ಕೇಳಿದೆ. "ಇದ್ರಾಗ ತಪ್ಪು ಉತ್ತರನ ಇಲ್ರಿ," ಎಂದರು. ತಪ್ಪೇ ಇಲ್ಲದ ಪರೀಕ್ಷೆಯನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ, ಸಂಶಯ ಬಂತು. ಉತ್ತರದ ಮುಂದೆ ಎಳೆದ ಗೀಟು ಸೊಟ್ಟಗಾಯಿತೆಂದು ಇನ್ನೊಂದು ಹಾಳೆ ಕೇಳಿದೆ. ಇರಲಿ ಎಂದು ಮೂರನೆಯದನ್ನೂ ಕೇಳಿದೆ. ಮೇಡಂ ಮತ್ತೆ ಬರೆದುಕೊಂಡರು.

ಕೊನೆಗೆ ಹೆಸರು ಹೊರಬಿತ್ತು: ಜನರಲೈಸ್ಡ್ ಆಂಕ್ಸೈಟಿ ಡಿಸಾರ್ಡರ್!

"ಅಂದ್ರ, ಇಂಥಾದ್ದಕ್ಕ ಅಂತ ಇಲ್ರಿ. ಎಲ್ಲಾದಕ್ಕೂ ಆತಂಕ."

ಮೂರು ಶಬ್ದಗಳ ರೋಗ! ಒಂದು ಕ್ಷಣ ಹೆಮ್ಮೆಯೇ ಆಯಿತು. ಜೇಬಿನಿಂದ ಪೆನ್ನು ತೆಗೆದು ಕೇಳಿದೆ, "ಗುಳಿಗಿ ಯಾವ್ದು ರೀ?"

"ಈಗ ಗುಳಿಗಿ ಬ್ಯಾಡ್ರಿ. ವಾರಕ್ಕೊಮ್ಮೆ ಬಂದು ಮಾತಾಡ್ರಿ. ಬೇಕಾದ್ರ ಮುಂದ ನೋಡೂಣು."

"ಒಂದು ಟಾನಿಕ್ ಆದ್ರೂ...?"

"ಬ್ಯಾಡ್ರಿ."

ಇಪ್ಪತ್ತೆರಡು ವರ್ಷ ಊರಿಗೆಲ್ಲ ಗುಳಿಗೆ ಹಂಚಿದವನಿಗೆ ಗುಳಿಗೆಯೇ ಇಲ್ಲದ ರೋಗ! ಯಾವ ಮುಖ ಇಟ್ಟುಕೊಂಡು ಗಲ್ಲಾದ ಮೇಲೆ ಕೂರಲಿ?

ಗುಳಿಗೆಯ ಬದಲು ಮೇಡಂ ಎರಡು ಕೆಲಸ ಕೊಟ್ಟರು. ಒಂದು, ದಿನಕ್ಕೆ ಅರ್ಧ ಗಂಟೆಯನ್ನು ಚಿಂತೆಗೆಂದೇ ಮೀಸಲಿಡಬೇಕು; ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ, ಆ ಹೊತ್ತಿಗೆ ಬಾ ಎಂದು ಕಳಿಸಬೇಕು. ಎರಡನೆಯದು, ಯಾರಿಗೂ ಹೇಳದ ಚಿಂತೆಯನ್ನು ಮನೆಯ ಒಬ್ಬರಿಗಾದರೂ ಹೇಳಬೇಕು.

"ಅಂಥಾದ್ದೇನಿಲ್ರಿ," ಎಂದೆ.

"ಒಂದು ಐತ್ರಿ," ಎಂದರು ಮೇಡಂ.

ಮನೆಗೆ ಬಂದು ಸುವರ್ಣಾಳಿಗೆ ಮೊದಲನೆಯ ಕೆಲಸವನ್ನಷ್ಟೇ ವರದಿ ಮಾಡಿದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಿದಳು.

"ಸಂಜಿ ಐದರಿಂದ ಐದೂವರಿ ತನಕ ಅಷ್ಟ ಚಿಂತಿ ಮಾಡ್ಬೇಕಂತ?"

"ಹೂಂ."

"ಹಂಗಾದ್ರ ಉಳಿದ ಇಪ್ಪತ್ಮೂರುವರಿ ತಾಸು ಏನ್ ಮಾಡ್ತೀರ್ರೀ?"

ಪ್ರಶ್ನೆ ನ್ಯಾಯವಾಗಿತ್ತು.

ಮರುದಿನ ಐದಕ್ಕೆ ಸರಿಯಾಗಿ ಸುವರ್ಣಾಳನ್ನು ಗಲ್ಲಾದಲ್ಲಿ ಕೂರಿಸಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ಸಲೈನ್ ಡಬ್ಬಗಳ ನಡುವೆ ಚಿಂತೆಗೆ ಕುಳಿತೆ. ದಿನವಿಡೀ ಹಿಂಡುಹಿಂಡಾಗಿ ಬಂದಿದ್ದ ಚಿಂತೆಗಳನ್ನು ಐದಕ್ಕೆ ಬನ್ನಿ ಎಂದು ಮರ್ಯಾದೆಯಿಂದಲೇ ಕಳಿಸಿದ್ದೆ. ಐದಕ್ಕೆ ಒಂದೂ ಬರಲಿಲ್ಲ! ಹತ್ತು ನಿಮಿಷ ಕಾದೆ. ನನ್ನ ತಲೆಯೇ ಕೆಲಸ ನಿಲ್ಲಿಸಿರಬಹುದೇ ಎಂಬ ಚಿಂತೆ ಆಗ ಶುರುವಾಯಿತು. ಉಳಿದ ಇಪ್ಪತ್ತು ನಿಮಿಷ ಅದರಲ್ಲಿ ಸುಸೂತ್ರವಾಗಿ ಕಳೆಯಿತು.

ಎರಡನೆಯ ದಿನ ಮಾಡಗ್ಯಾಳದಿಂದ ಕುರಿಗಾರ ಬೀರಪ್ಪ ಮೊಣಕಾಲಿನ ಮುಲಾಮಿಗೆ ಬಂದ.

"ಅಣ್ಣಾರು ಎಲ್ಲ್ರೀ ಅಕ್ಕಾರ?"

ಸುವರ್ಣಾಳಿಗೆ ಸುಳ್ಳು ಬರುವುದಿಲ್ಲ. "ಒಳಗ ಚಿಂತಿ ಮಾಡಾಕತ್ತಾರ. ಐದೂವರಿಗೆ ಬರ್ತಾರ, ಕುಂದ್ರಿ."

ಬೀರಪ್ಪ ಕೂರಲಿಲ್ಲ. ಪರದೆ ಸರಿಸಿ ಒಳಗೆ ಇಣುಕಿದ. ಅವನ ಮುಖದಲ್ಲಿ ಕಿಂಚಿತ್ತೂ ಆಶ್ಚರ್ಯವಿರಲಿಲ್ಲ. "ಹೆಂಗೂ ಕುಂತೀರಿ, ನಂದೂ ಒಂದು ಮಾಡ್ರಿ ಅಣ್ಣಾರ. ನನ್ನ ಟಗರು ಮೂರು ದಿನದಿಂದ ಮೇವು ಮುಟ್ಟವಲ್ದು. ಕುರಿ ಹಿಂದ ತಿರುಗೂದ್ರಾಗ ಚಿಂತಿ ಮಾಡಾಕ ನನಗ ಪುರಸೊತ್ತು ಇಲ್ಲ."

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಐದೂವರೆಯವರೆಗೆ ಟಗರಿನ ಬಗ್ಗೆ ಮನಃಪೂರ್ವಕ ಚಿಂತಿಸಿದೆ.

ದುರದೃಷ್ಟವಶಾತ್, ಮರುದಿನ ಬೆಳಿಗ್ಗೆ ಟಗರು ಮೇವು ತಿಂದಿತು!

ಸುದ್ದಿ ಬೀರಪ್ಪನಿಗಿಂತ ಮುಂಚೆ ಊರು ತಲುಪಿತು. ಮೂರನೆಯ ದಿನ ಐದಕ್ಕೆ ನಾಲ್ಕು ಜನ ಬಂದರು, ವಾರ ತುಂಬುವ ಹೊತ್ತಿಗೆ ಹೊರಗೆ ಬೆಂಚು ಹಾಕಬೇಕಾಯಿತು. ಶಾಲೆಯ ನಿವೃತ್ತ ಗುರೂಜಿ ತಮ್ಮ ಚಿಂತೆಯನ್ನು ಮರಾಠಿಯಲ್ಲಿ ಬರೆದು ತಂದರು. ವಿಷಯ: ಮೊಮ್ಮಗನು ಹೇಳಿದ ಮಾತು ಕೇಳದಿರುವ ಬಗ್ಗೆ. ಕೆಳಗೆ ಸಹಿ. ಸುವರ್ಣಾ ನಂಬರು ಕೊಡಲಾರಂಭಿಸಿದಳು.

ಹೊಗಳಿಕೆಯ ಹಿಂದೆಯೇ ತಕರಾರು ಬಂತು. ಪಕ್ಕದ ಓಣಿಯ ಮುದುಕಿ ದಾನವ್ವ ಆಯಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಏನಪಾ ತಮ್ಮಾ, ನಮ್ಮ ಸೊಸಿ ತವರಿಂದ ಇನ್ನೂ ಬಂದಿಲ್ಲ! ಟಗರಿಗಾದ್ರ ಒಂದ ದಿನದಾಗ ಮಾಡಿ ಕೊಟ್ಟಿ. ನಮ್ಮ ಸೊಸಿ ಟಗರಿಗಿಂತ ಕಡಿಮಿ ಏನು?"

"ಇವತ್ತ ಸರಿಯಾಗಿ ಮಾಡ್ತೀನಿ ಆಯಿ," ಎಂದು ಕೈಮುಗಿದೆ.

ಈ ಗದ್ದಲದಲ್ಲಿ ನನ್ನ ಸ್ವಂತ ಚಿಂತೆಗೆ ನಂಬರೇ ಹತ್ತುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಅದು ನನಗೆ ಅನುಕೂಲವೇ ಆಗಿತ್ತು. ಎರಡನೆಯ ಕೆಲಸ ಹಾಗೇ ಉಳಿದಿತ್ತು. ದಿನಾ ಬೆಳಿಗ್ಗೆ ಇವತ್ತು ಸುವರ್ಣಾಳಿಗೆ ಹೇಳೋಣ ಎಂದುಕೊಳ್ಳುವೆ. ಅವಳು ಚಹಾ ತಂದಿಡುವಳು. ನಾನು ಚಹಾ ಚೆನ್ನಾಗಿದೆ ಎನ್ನುವೆ.

ಶನಿವಾರ ಕೊನೆಯವರು ಹೋದಾಗ ಐದೂಕಾಲು ಆಗಿತ್ತು. ಸುವರ್ಣಾ ಅಂಗಡಿಯ ಶಟರನ್ನು ಅರ್ಧ ಇಳಿಸಿ ಒಳಗೆ ಬಂದು, ಒಂದು ಡಬ್ಬದ ಮೇಲೆ ಕುಳಿತಳು.

"ನಂದೊಂದು ಐತ್ರಿ."

"ನಿನಗ್ಯಾವ ಚಿಂತಿ?"

ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಅವಳು ಹೇಳಿದಳು, "ಭಾವಾರು ಹ್ವಾದ ವಯಸ್ಸು ನಿಮಗ ಬಂತಲ್ರೀ."

ಹೊರಗೆ ಯಾರದೋ ಬೈಕು ಹೋಯಿತು. ನಾನು ಕುಳಿತಲ್ಲೇ ಅವಳ ಕಡೆ ಸರಿದೆ.

"ಅದು ನನ್ನ ಚಿಂತಿ," ಎಂದೆ. "ನಾ ಯಾರಿಗೂ ಹೇಳಿಲ್ಲ."

"ನಿಮ್ದು ಹೋದ ವರ್ಷದ್ದು. ನಾ ಭಾವಾರು ಹ್ವಾದ ದಿನದಿಂದ ಮಾಡಾಕತ್ತೀನಿ. ರೊಟ್ಟಿ ಬಡಿಯೂಮುಂದ ಮಾಡೀನಿ, ಅರಬಿ ಒಗಿಯೂಮುಂದ ಮಾಡೀನಿ. ನನಗ್ಯಾರೂ ಐದರಿಂದ ಐದೂವರಿ ಅಂತ ಟೈಮ್ ಕೊಟ್ಟಿಲ್ಲ. ರಾತ್ರಿ ನಿಮ್ಮ ಗೊರಕಿ ನಿಂತ್ರ ಮೊಣಕೈಲೆ ತಿವಿದು ನೋಡ್ತೀನಿ."

ನನ್ನ ನಿದ್ದೆ ದಿನವೂ ಯಾಕೆ ಕೆಡುತ್ತಿತ್ತೆಂಬುದು ಆಗ ತಿಳಿಯಿತು!

"ನನ್ನ ಮುಂದ ಹೇಳಬಾರ್ದೇನ?"

"ಹೇಳಿದ್ರ ನೀವು ಚಿಂತಿ ಮಾಡ್ತೀರಿ ಅಂತ ಹೇಳ್ಲಿಲ್ಲ."

ಆಮೇಲೆ ಇಬ್ಬರೂ ಮಾತಾಡಿದೆವು. ಅಣ್ಣನ ಬಗ್ಗೆ, ಆ ದಿನದ ಬಗ್ಗೆ. ಐದೂವರೆ ಆದದ್ದನ್ನು ಇಬ್ಬರೂ ನೋಡಲಿಲ್ಲ.

ಮುಂದಿನ ಭೇಟಿಗೆ ಸುವರ್ಣಾಳನ್ನೂ ಕರೆದುಕೊಂಡು ಹೋದೆ. ಎರಡನೆಯ ಕೆಲಸವನ್ನೂ ಮುಗಿಸಿದ್ದೇನೆಂದು ಎದೆಯುಬ್ಬಿಸಿ ಹೇಳಿದೆ. ಕೆಲಸ ಮಾಡಿದ್ದು ಅವಳು ಎಂಬುದನ್ನು ವಿವರವಾಗಿ ಹೇಳಲಿಲ್ಲ. ಮೇಡಂ ಅವಳ ಕಡೆ ತಿರುಗಿದರು.

"ನೀವು ಹೆಂಗದೀರಿ ಅಕ್ಕಾರ?"

"ನಾ ಆರಾಮ ಅದೀನ್ರಿ," ಎಂದ ಸುವರ್ಣಾ, ಅಲ್ಲಿಂದ ಇಪ್ಪತ್ತೈದು ನಿಮಿಷ ಮಾತಾಡಿದಳು. ಮದುವೆಯಾಗಿ ಇಷ್ಟು ವರ್ಷವಾದರೂ ಈ ಪ್ರಶ್ನೆಯನ್ನು ನಾನು ಅವಳಿಗೆ ಕೇಳಿದ ನೆನಪಾಗಲಿಲ್ಲ. ಮೇಡಂ ಅವಳಿಗೂ ಅದೇ ಪ್ರಶ್ನೆಪತ್ರಿಕೆ ಕೊಟ್ಟರು. ಒಂದೇ ಹಾಳೆಯಲ್ಲಿ, ಒಂದೂ ಗೀಟು ಸೊಟ್ಟಗಾಗದಂತೆ ಮುಗಿಸಿದಳು. ಕೂಡಿಸಿ ನೋಡಿದರೆ ನನಗಿಂತ ನಾಲ್ಕು ಅಂಕ ಹೆಚ್ಚು!

ನಮ್ಮ ಇಡೀ ಜತ್ತ ತಾಲೂಕಿನಲ್ಲಿ ಚಿಂತೆಯಲ್ಲಿ ನನಗೆ ಸರಿಸಾಟಿ ಇಲ್ಲವೆಂದು ತಿಳಿದಿದ್ದೆ. ನನ್ನ ಮನೆಯಲ್ಲೇ ನಾನು ಎರಡನೆಯವನು.

"ನೀವು ಸ್ವಲ್ಪ ಹೊರಗ ಕುಂದ್ರಿ," ಎಂದು ಮೇಡಂ ನನಗೆ ಬಾಗಿಲು ತೋರಿಸಿದರು.

ಹೊರಗಿನ ಬೆಂಚಿನ ಮೇಲೆ ಸುವರ್ಣಾಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು, "ಪೇಶಂಟ್ ಯಾರ್ರೀ?"

"ನಮ್ಮ ಮನ್ಯಾಕಿ," ಎಂದೆ. "ನಾ ಬರೇ ಆಕಿ ಜೋಡಿ ಬಂದೀನ್ರಿ."